ತಾರೆಯ ವಕಾಲತ್ತು, ತಾಂಡಾದ ತಾರೀಖು

ನಟ ದರ್ಶನ್ 2024ರ ಜೂನ್ 11ರಂದು ಮೈಸೂರಿನಲ್ಲಿ ಬಂಧನಕ್ಕೊಳಗಾದರು. ಅಂದು ಶುರುವಾದ ಚರ್ಚೆ ಇನ್ನೂ ನಿಂತಿಲ್ಲ. ಚಹಾದಂಗಡಿಯಲ್ಲೂ ವಕೀಲರ ಸಂಘದ ಕೋಣೆಯಲ್ಲೂ ಅದೇ ಮಾತು. ಕೊಲೆಯ ಆರೋಪ ಹೊತ್ತ ತಾರೆಯ ಪರ ದೊಡ್ಡ ವಕೀಲರು ನಿಲ್ಲುವುದು ಸರಿಯೇ? ಹಣವಿದ್ದವರ ಕಾನೂನು ಬೇರೆ, ಇಲ್ಲದವರದು ಬೇರೆಯೇ? ಅಥವಾ ಕೋರ್ಟು ಬಾಯಿ ತೆರೆಯುವ ಮೊದಲೇ ತೀರ್ಪು ಹೇಳಿಬಿಡುವ ಟೀವಿ ಕಾಲದಲ್ಲಿ ಹೆಸರು ಮಾಡಿದ್ದೇ ಆರೋಪಿಗೆ ಮುಳುವಾಗುತ್ತದೆಯೇ?

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯಿಂದ ನೋಡಿದಾಗ ಈ ಪ್ರಶ್ನೆಗಳಿಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ತೆಲಂಗಾಣದ ಗಡಿಗೆ ಅಂಟಿಕೊಂಡ ಕಾಡಿನ ಸೀಮೆ ಇದು. ಒಂದೇ ಊರಿನಲ್ಲಿ ಕನ್ನಡ, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮಾತು. ಇಲ್ಲಿಯ ಒಬ್ಬನ ಮೇಲೆ ಕೊಲೆ ಕೇಸು ಬಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ, ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಕಮಿಟ್, ಆಮೇಲೆ ತಾರೀಖಿನ ಮೇಲೆ ತಾರೀಖು. ಮನೆಯವರು ಹೊಲದ ಕೂಲಿ ಬಿಟ್ಟು ಬಸ್ಸು ಹತ್ತುತ್ತಾರೆ. ಈ ಭಾಗದ ಮೇಲ್ಮನವಿಗಳು 1956ಕ್ಕೆ ಮೊದಲು ಹೈದರಾಬಾದಿಗೆ ಹೋಗುತ್ತಿದ್ದವು. ರಾಜ್ಯ ಪುನರ್ವಿಂಗಡಣೆಯ ಮೇಲೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾಯಿತು. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ. ಅದು ಕಾಯಂ ಆದದ್ದು 2013ರಲ್ಲಿ. ಹೀಗೆ ಕೋರ್ಟಿನ ಬಾಗಿಲಿಗೆ ತಲುಪುವುದೇ ಅರ್ಧ ಶತಮಾನದ ಹೋರಾಟವಾದ ಜನಕ್ಕೆ, ತಾರೆಯೊಬ್ಬರ ಪರ ಸುಪ್ರೀಂ ಕೋರ್ಟಿನವರೆಗೆ ನಡೆದ ವಾದದಿಂದ ಏನು ಸಿಕ್ಕಿತು ಎಂಬುದೇ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ.

ಪ್ರಕರಣ ನಡೆದು ಬಂದ ದಾರಿ

ಚಿತ್ರದುರ್ಗದ ಔಷಧ ಮಳಿಗೆಯೊಂದರಲ್ಲಿ ಕೆಲಸಕ್ಕಿದ್ದ 33 ವರ್ಷದ ರೇಣುಕಾಸ್ವಾಮಿಯ ಶವ 2024ರ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿ ಬಳಿಯ ರಾಜಕಾಲುವೆಯ ಹತ್ತಿರ ಸಿಕ್ಕಿತು. ದರ್ಶನ್ ಅವರ ಆಪ್ತೆ ಪವಿತ್ರಾ ಗೌಡರಿಗೆ ಆತ ಅಶ್ಲೀಲ ಸಂದೇಶ ಕಳಿಸಿದ್ದೇ ಮೂಲ, ಅದಕ್ಕಾಗಿ ಅವನನ್ನು ಚಿತ್ರದುರ್ಗದಿಂದ ಕರೆತಂದು ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದು ಕೊಲ್ಲಲಾಯಿತು ಎಂಬುದು ಪೊಲೀಸರ ಆರೋಪ. ಆರೋಪಿಗಳು 17 ಮಂದಿ. ಪವಿತ್ರಾ ಮೊದಲ ಆರೋಪಿ, ದರ್ಶನ್ ಎರಡನೆಯವರು. ಸೆಪ್ಟೆಂಬರ್ 4ರಂದು ಸಲ್ಲಿಸಿದ ದೋಷಾರೋಪ ಪಟ್ಟಿ 3,991 ಪುಟಗಳದ್ದು. ಘಟನೆ ನಡೆದದ್ದು ಹೊಸ ನ್ಯಾಯ ಸಂಹಿತೆ ಜಾರಿಗೆ ಬರುವ ಮೂರು ವಾರ ಮೊದಲು. ಹಾಗಾಗಿ ಆರೋಪ ಹಳೆಯ ಐಪಿಸಿಯ 302ನೇ ಕಲಮಿನಡಿಯೇ ಇದೆ.

ಜಾಮೀನಿನ ದಾರಿ ಇನ್ನೂ ಸುತ್ತಿನದು. ಅಕ್ಟೋಬರ್ 14ರಂದು ಸೆಷನ್ಸ್ ಕೋರ್ಟು ಅರ್ಜಿ ತಳ್ಳಿಹಾಕಿತು. ಅಕ್ಟೋಬರ್ 30ರಂದು ಹೈಕೋರ್ಟು ಬೆನ್ನುನೋವಿನ ಚಿಕಿತ್ಸೆಗಾಗಿ ಆರು ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಡಿಸೆಂಬರ್ 13ರಂದು ಕಾಯಂ ಜಾಮೀನೂ ಸಿಕ್ಕಿತು. ಅಲ್ಲಿ ದರ್ಶನ್ ಪರ ವಾದಿಸಿದವರು ಹಿರಿಯ ವಕೀಲ ಸಿ.ವಿ. ನಾಗೇಶ್, ಸರ್ಕಾರದ ಪರ ವಿಶೇಷ ಅಭಿಯೋಜಕ ಪಿ. ಪ್ರಸನ್ನ ಕುಮಾರ್. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಆ ಜಾಮೀನನ್ನು ರದ್ದು ಮಾಡಿತು. ನವೆಂಬರ್ 3ರಂದು ಸೆಷನ್ಸ್ ಕೋರ್ಟು ಆರೋಪಗಳನ್ನು ನಿಗದಿ ಮಾಡಿದಾಗ ಆರೋಪಿಗಳು ಅವನ್ನು ಅಲ್ಲಗಳೆದರು. ವಿಚಾರಣೆ ನಡೆದಿದೆ. ದರ್ಶನ್ ತಪ್ಪಿತಸ್ಥರೋ ಅಲ್ಲವೋ ಎಂಬುದು ಆ ಕೋರ್ಟು ಹೇಳಬೇಕಾದ ಮಾತು. ಅದರ ಬಗ್ಗೆ ನಾನಿಲ್ಲಿ ಏನನ್ನೂ ಹೇಳುವುದಿಲ್ಲ.

ಮದರಾಸು, ಮುಂಬಯಿ: ಹಳೆಯ ಎರಡು ಮೊಕದ್ದಮೆ

ತಾರೆಯೊಬ್ಬರು ಕೊಲೆ ಆರೋಪಿಯ ಕಟಕಟೆ ಏರಿದ್ದು ದಕ್ಷಿಣ ಭಾರತಕ್ಕೆ ಹೊಸದಲ್ಲ. 1944ರಲ್ಲಿ ತಮಿಳು ಚಿತ್ರರಂಗದ ಮೇರುನಟ ಎಂ.ಕೆ. ತ್ಯಾಗರಾಜ ಭಾಗವತರ್ ಅವರ ‘ಹರಿದಾಸ್’ ಮದರಾಸಿನಲ್ಲಿ ತೆರೆಕಂಡು ವರ್ಷಗಟ್ಟಲೆ ಓಡುವ ಹಾದಿಯಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಸಿನಿಮಾದವರ ಖಾಸಗಿ ಬದುಕನ್ನು ಬಯಲಿಗೆಳೆದು ಬರೆಯುತ್ತಿದ್ದ ಪತ್ರಿಕೆಯ ಸಂಪಾದಕ ಲಕ್ಷ್ಮೀಕಾಂತನ್ ವೇಪೇರಿಯಲ್ಲಿ ಇರಿತಕ್ಕೊಳಗಾಗಿ ಮರುದಿನ ತೀರಿಕೊಂಡ. ಸಂಚಿನ ಆರೋಪದ ಮೇಲೆ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಇಬ್ಬರಿಗೂ 1945ರಲ್ಲಿ ಶಿಕ್ಷೆಯಾಯಿತು. ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, ಅಲ್ಲಿಂದ ಪ್ರಕರಣ ಹೈಕೋರ್ಟಿಗೆ ಮರಳಿ, 1947ರಲ್ಲಿ ಇಬ್ಬರೂ ಖುಲಾಸೆಯಾದರು. ಅಷ್ಟರಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದಿತ್ತು. ಕೃಷ್ಣನ್ ಮತ್ತೆ ನಟಿಸಿ ಗೆದ್ದರು. ಭಾಗವತರ್ ಅವರ ಕಾಲ ಮುಗಿದುಹೋಗಿತ್ತು. ಖುಲಾಸೆ ಸಿಕ್ಕರೂ ಕಳೆದದ್ದು ಮರಳದು ಎಂದು ವಾದಿಸುವವರಿಗೆ ಇಂದಿಗೂ ಇದೇ ಮೊದಲ ಉದಾಹರಣೆ.

ಮುಂಬಯಿಯ ಕತೆ ಬೇರೆ ದಿಕ್ಕಿನದು. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ಸಿನಿಮಾ ತಾರೆಯಲ್ಲ. 1959ರ ಏಪ್ರಿಲ್ 27ರ ಮೂರು ಗುಂಡುಗಳ ನಂತರ ಪತ್ರಿಕೆಗಳು ಆತನನ್ನು ತಾರೆ ಮಾಡಿದವು. ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಕೊಂದ ಆರೋಪ. ಆರ್.ಕೆ. ಕರಂಜಿಯಾರ ‘ಬ್ಲಿಟ್ಜ್’ ವಾರಪತ್ರಿಕೆ ವಾರವಾರ ನಾನಾವತಿಯ ಪರ ಬರೆಯಿತು. ಜ್ಯೂರಿ 8–1ರ ಬಹುಮತದಿಂದ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯ ವಾದವನ್ನು ಕೋರ್ಟು ಗಡಿಯಾರ ಹಿಡಿದು ಅಳೆಯಿತು. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವರು ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಅಹುಜಾನ ಕಚೇರಿಗೆ ಹೋಗಿ, ಕೊನೆಗೆ ಅವನ ಮನೆಗೆ ಹೋದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸುಮಾರು ಮೂರು ತಾಸು ಸಿಟ್ಟು ಆರಲು ಸಾಕು ಎಂದಿತು ಕೋರ್ಟು. 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಜ್ಯೂರಿ ಪದ್ಧತಿಯ ಮೇಲಿನ ನಂಬಿಕೆಗೆ ಈ ಮೊಕದ್ದಮೆ ಕೊಟ್ಟ ಪೆಟ್ಟು ದೊಡ್ಡದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಅಮೆರಿಕದಲ್ಲಿ ಆ ಪದ್ಧತಿ ಉಳಿದಿದ್ದರಿಂದಲೇ 1995ರಲ್ಲಿ ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್‌ರನ್ನು ಜ್ಯೂರಿ ಕೊಲೆ ಆರೋಪದಿಂದ ಬಿಡುಗಡೆ ಮಾಡಿತು, 1997ರಲ್ಲಿ ಸಿವಿಲ್ ಕೋರ್ಟಿನ ಇನ್ನೊಂದು ಜ್ಯೂರಿ ಅದೇ ಸಾವುಗಳಿಗೆ ಅವರನ್ನೇ ಹೊಣೆ ಮಾಡಿತು.

‘ಯಾರ ಪರವಾದರೂ ನಿಲ್ಲಬೇಕು’

ತಾರೆಯ ವಕಾಲತ್ತಿನ ಈ ಚರ್ಚೆಯಲ್ಲಿ ಮೊದಲ ಪಂಥ ವಕೀಲರದು, ಮತ್ತು ಸಂವಿಧಾನದ್ದು. 22ನೇ ವಿಧಿ ತನಗೆ ಬೇಕಾದ ವಕೀಲರಿಂದ ರಕ್ಷಣೆ ಪಡೆಯುವ ಹಕ್ಕನ್ನು ಬಂಧಿತರಿಗೆಲ್ಲ ಕೊಡುತ್ತದೆ. ಆರೋಪಿ ತಪ್ಪು ಮಾಡಿದ್ದಾನೆ ಎಂದು ಮನಸ್ಸಿಗೆ ಅನಿಸಿದರೂ ನ್ಯಾಯವಾದ ಎಲ್ಲ ಮಾರ್ಗಗಳಿಂದ ಅವನ ಪರ ವಾದಿಸುವುದು ವಕೀಲನ ಕರ್ತವ್ಯ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ‘ಇಂಥವರ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘಗಳು ಮಾಡುವ ಠರಾವುಗಳು ಕಾನೂನುಬಾಹಿರ ಎಂದು ಖಡಾಖಂಡಿತವಾಗಿ ಹೇಳಿತು.

ಆದರೂ 2020ರ ಫೆಬ್ರುವರಿಯಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ನಿಲ್ಲಬಾರದೆಂದು ಅಂಥದೇ ಠರಾವು ಆಯಿತು. ಹೊರಗಿನಿಂದ ಬಂದ ವಕೀಲರಿಗೆ ಪೊಲೀಸ್ ಭದ್ರತೆ ಕೊಡುವಂತೆ ಹೈಕೋರ್ಟು ಹೇಳಬೇಕಾಯಿತು. ತಾರೆಯ ಪರ ವಾದಿಸುವ ವಕೀಲರನ್ನು ಬೈಯುವವರು ಈ ಪ್ರಸಂಗವನ್ನು ನೆನಪಿಡಬೇಕು. ‘ಇವನ ಪರ ನಿಲ್ಲಬೇಡಿ’ ಎಂಬ ಕೂಗಿಗೆ ಮೊದಲು ಬಲಿಯಾಗುವವರು ತಾರೆಗಳಲ್ಲ. ಅವರಿಗೆ ವಕೀಲರು ಸಿಕ್ಕೇ ಸಿಗುತ್ತಾರೆ.

ಈ ಪಂಥ ವಿವರಿಸದೆ ಬಿಡುವ ಸಂಗತಿಯೂ ಇದೆ. ವಕೀಲರು ಯಾರ ಪರವಾದರೂ ನಿಲ್ಲಬೇಕು, ಒಪ್ಪೋಣ. ಎಷ್ಟು ಹೊತ್ತು, ಎಷ್ಟು ಸಿದ್ಧತೆಯೊಂದಿಗೆ ನಿಲ್ಲುತ್ತಾರೆ ಎಂಬುದನ್ನು ಯಾವ ನಿಯಮವೂ ಹೇಳುವುದಿಲ್ಲ.

‘ದುಡ್ಡೇ ವಾದ ಮಾಡುತ್ತದೆ’

ಎರಡನೆಯ ಪಂಥದ ಸಿಟ್ಟು ಅಲ್ಲಿಂದಲೇ ಹುಟ್ಟುತ್ತದೆ. 2015ರ ಮೇ 6ರಂದು ಸಲ್ಮಾನ್ ಖಾನ್‌ಗೆ ಮುಂಬಯಿ ಸೆಷನ್ಸ್ ಕೋರ್ಟು ಐದು ವರ್ಷ ಶಿಕ್ಷೆ ವಿಧಿಸಿದ ದಿನವೇ ಹೈಕೋರ್ಟಿನಲ್ಲಿ ಮಧ್ಯಂತರ ಜಾಮೀನು ಸಿಕ್ಕಿತು; ಡಿಸೆಂಬರಿನಲ್ಲಿ ಖುಲಾಸೆ. 1999ರ ಜೆಸ್ಸಿಕಾ ಲಾಲ್ ಕೊಲೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿಬಿದ್ದು 2006ರ ಫೆಬ್ರುವರಿಯಲ್ಲಿ ರಾಜಕಾರಣಿಯ ಮಗ ಮನು ಶರ್ಮಾ ಖುಲಾಸೆಯಾದ. ಜನ ಬೀದಿಗಿಳಿದ ಮೇಲೆ ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿತು. ಪರಪ್ಪನ ಅಗ್ರಹಾರದ ಜೈಲಿನ ಹುಲ್ಲುಹಾಸಿನಲ್ಲಿ ಸಿಗರೇಟು ಮತ್ತು ಕಾಫಿ ಮಗ್ಗು ಹಿಡಿದು ರೌಡಿಶೀಟರ್ ಜೊತೆ ಕೂತ ದರ್ಶನ್ ಅವರ ಫೋಟೋ 2024ರ ಆಗಸ್ಟಿನಲ್ಲಿ ಹೊರಬಂದಾಗ ಈ ಪಂಥಕ್ಕೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. ಆರೋಪಿಗಳಿಗೆ ಐಷಾರಾಮಿ ಉಪಚಾರ ಸಿಕ್ಕಿದ್ದು ಕಂಡರೆ ಮೊದಲು ಜೈಲಿನ ಅಧೀಕ್ಷಕರೇ ಅಮಾನತಾಗುತ್ತಾರೆ ಎಂದು ಸುಪ್ರೀಂ ಕೋರ್ಟು ಎಚ್ಚರಿಸಿತು.

ಆದರೆ ದುಡ್ಡಿನಿಂದ ಕೋರ್ಟಿನೊಳಗೆ ನಿಜವಾಗಿ ಏನು ಸಿಗುತ್ತದೆ? ಸಿನಿಮಾ ತೋರಿಸುವ ಗುಡುಗಿನ ಮಾತಲ್ಲ. ಟಿ.ಎನ್. ಸೀತಾರಾಂ ‘ಮುಕ್ತ’ದಲ್ಲಿ ಸಿ.ಎಸ್.ಪಿ. ಎಂಬ ವಕೀಲರಾಗಿ ನಡೆಸುತ್ತಿದ್ದ ಪಾಟೀಸವಾಲು ನಮ್ಮ ಮನೆಮನೆಯಲ್ಲಿ ಕೋರ್ಟಿನ ಚಿತ್ರವನ್ನೇ ರೂಪಿಸಿತು. ನಿಜವಾದ ಪಾಟೀಸವಾಲು ಅದಕ್ಕಿಂತ ತುಂಬ ನಿಧಾನ, ತುಂಬ ಸಣ್ಣದು. ಪಂಚನೊಬ್ಬ ಕಟಕಟೆಗೆ ಬರುತ್ತಾನೆ. ಮಹಜರು ಎಷ್ಟು ಗಂಟೆಗೆ ಶುರುವಾಯಿತು? ಬರೆದವರು ಯಾರು? ವಸ್ತುವಿಗೆ ಅರಗು ಹಾಕಿ ಮೊಹರು ಮಾಡಿದ್ದು ನಿಮ್ಮ ಮುಂದೆಯೇ? ಚೀಟಿಯ ಮೇಲೆ ಸಹಿ ಹಾಕಿದ್ದು ಸ್ಥಳದಲ್ಲೋ ಠಾಣೆಯಲ್ಲೋ? ಅದರಲ್ಲಿ ಏನು ಬರೆದಿತ್ತೆಂದು ನಿಮಗೆ ಓದಿ ಹೇಳಿದರೇ? ಕೊನೆಗೆ ಎಲ್ಲ ಹೇಳಿಕೆಗಳ ಕಡೆಯ ಸಾಲು: ‘ನಾನು ಪೊಲೀಸರ ಒತ್ತಾಯಕ್ಕೆ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಈ ಒಂದೊಂದು ಪ್ರಶ್ನೆಯ ಹಿಂದೆ ಕಡತವನ್ನು ಪುಟಪುಟ ಓದಿದ ಯಾರದೋ ರಾತ್ರಿಗಳಿರುತ್ತವೆ. ಫೋನ್ ಕರೆಗಳ ದಾಖಲೆ, ಟವರಿನ ಗುರುತು, ಡಿಎನ್‌ಎ ವರದಿ, ಮರಣೋತ್ತರ ಪರೀಕ್ಷೆ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿ ನೋಡಲು ನಾಲ್ಕಾರು ಕಿರಿಯ ವಕೀಲರು, ತಜ್ಞರು ಬೇಕು. ಹಣ ಕೊಳ್ಳುವುದು ಈ ದುಡಿಮೆಯನ್ನು.

ಬಡವನಿಗೂ ಕಾನೂನು ಇದೇ ದುಡಿಮೆಯ ಭರವಸೆ ಕೊಟ್ಟಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರೆಲ್ಲರೂ ಆ ಕಲಮಿನ ಹಕ್ಕುದಾರರು. ದರ್ಶನ್ ಹಾಸಿಗೆ, ದಿಂಬು, ನಡೆದಾಡುವ ಅವಕಾಶ ಕೇಳಿದಾಗ ಆ ಬಗ್ಗೆ ಅರ್ಜಿ, ವಾದ, ಆದೇಶ ಎಲ್ಲವೂ ಆದವು. ಅದು ತಪ್ಪೇನಲ್ಲ, ಕೈದಿಯೂ ಮನುಷ್ಯನೇ. ಅದೇ ಅರ್ಜಿಯನ್ನು ಕಲಬುರಗಿ ಜೈಲಿನ ವಿಚಾರಣಾಧೀನನೊಬ್ಬ ಬರೆಯಬೇಕೆಂದರೆ ಬರೆದುಕೊಡುವವರು ಯಾರು ಎಂಬುದೇ ಈ ಪಂಥದ ಬಲವಾದ ಪ್ರಶ್ನೆ. ಇದಕ್ಕೆ ಎದುರುತ್ತರ ನನಗೆ ಎಲ್ಲೂ ಕಂಡಿಲ್ಲ.

‘ಹೆಸರೇ ಉರುಳು’

ಮೂರನೆಯ ಪಂಥ ಇದನ್ನು ತಿರುಗಿಸಿ ಹೇಳುತ್ತದೆ: ಖ್ಯಾತನಾಮರಿಗೆ ಸಾಮಾನ್ಯ ಆರೋಪಿಗೆ ಸಿಗುವಷ್ಟೂ ನ್ಯಾಯ ಸಿಗುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ‘ಸ್ವಇಚ್ಛಾ ಹೇಳಿಕೆ’ಯನ್ನು ತಪ್ಪೊಪ್ಪಿಗೆಯಾಗಿ ಕೋರ್ಟು ಒಪ್ಪುವುದಿಲ್ಲ, ಅದರಿಂದ ವಸ್ತುವೇನಾದರೂ ಪತ್ತೆಯಾದರೆ ಆ ಭಾಗಕ್ಕಷ್ಟೇ ಬೆಲೆ. ಕಾನೂನು ಬೇಡವೆಂದ ಆ ಹೇಳಿಕೆಯೇ ಟೀವಿಯಲ್ಲಿ ಸಂಜೆಯ ಮುಖ್ಯ ಸುದ್ದಿಯಾಗುತ್ತದೆ. ಈ ಪ್ರಕರಣದಲ್ಲೂ ದೋಷಾರೋಪ ಪಟ್ಟಿಯ ವಿವರ ಪ್ರಕಟಿಸದಂತೆ ಹೈಕೋರ್ಟು ಮಾಧ್ಯಮಗಳನ್ನು ತಡೆಯಬೇಕಾಯಿತು. ಸುಶಾಂತ್ ಸಿಂಗ್ ರಜಪೂತ್ ಸಾವಿನ ಬಳಿಕ ನಟಿ ರಿಯಾ ಚಕ್ರವರ್ತಿಯನ್ನು ತಿಂಗಳುಗಟ್ಟಲೆ ಪರದೆಯ ಮೇಲೆ ಅಪರಾಧಿ ಮಾಡಲಾಯಿತು. 2025ರ ಮಾರ್ಚಿನಲ್ಲಿ ಸಿಬಿಐ ಮುಕ್ತಾಯ ವರದಿ ಸಲ್ಲಿಸಿತು.

ಈ ವಾದದಲ್ಲಿ ಸತ್ಯವಿದೆ, ಅರ್ಧದಷ್ಟು. ಮಾಧ್ಯಮದ ಗದ್ದಲಕ್ಕೆ ಎದುರಾಗಿ ಅಭಿಮಾನಿಗಳ ಗದ್ದಲವೂ ಇತ್ತು. ದರ್ಶನ್ ಅವರ ಕೈದಿ ಸಂಖ್ಯೆ 6106 ವಾಹನಗಳ ಮೇಲೆ ಸ್ಟಿಕ್ಕರಾಯಿತು, ಮೈಮೇಲೆ ಹಚ್ಚೆಯಾಯಿತು. ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದ ನಟಿ ರಮ್ಯಾ ಅವರಿಗೆ ಬಂದ ಅಶ್ಲೀಲ ಬೆದರಿಕೆಗಳು 2025ರ ಜುಲೈನಲ್ಲಿ ಪೊಲೀಸ್ ದೂರಾಗಿ, ಬಂಧನಗಳೂ ಆದವು. ನಾಯಕನಟ ಜೈಲಿನಲ್ಲಿದ್ದಾಗಲೇ ಡಿಸೆಂಬರಿನಲ್ಲಿ ‘ದಿ ಡೆವಿಲ್’ ತೆರೆಕಂಡಿತು. ಇಂಥ ಗಾಳಿಯಲ್ಲಿ ಸಾಕ್ಷಿ ಹೇಳಬೇಕಾದ ಆಟೋ ಚಾಲಕನಿಗೋ ಕಾವಲುಗಾರನಿಗೋ ಎಷ್ಟು ಧೈರ್ಯ ಬೇಕು? ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿ ಜಾರಿ ಮಾಡಲು ಹೇಳಿತು. ‘ಹೆಸರೇ ಉರುಳು’ ಎನ್ನುವವರು ಈ ಸಾಕ್ಷಿಗಳ ಮಾತೆತ್ತುವುದು ಕಡಿಮೆ.

ಸತ್ತವನ ಪರ ಯಾರು?

ಲಕ್ಷ್ಮೀಕಾಂತನ್, ಅಹುಜಾ, ರೇಣುಕಾಸ್ವಾಮಿ. ಮೂರೂ ಮೊಕದ್ದಮೆಗಳಲ್ಲಿ ಒಂದು ಎಳೆ ಸಮಾನ. ಸತ್ತವನ ನಡತೆ ಕೆಟ್ಟದ್ದಾಗಿತ್ತು ಎಂಬ ಮಾತು ಊರೆಲ್ಲ ಹಬ್ಬಿ, ಕೊನೆಗೆ ಜನರ ಮನಸ್ಸಿನಲ್ಲಿ ಸತ್ತವನೇ ಕಟಕಟೆಯಲ್ಲಿ ನಿಲ್ಲುತ್ತಾನೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಮಾತು ಮುಗಿಸಿಬಿಡುತ್ತಾರೆ. ಹೆಣ್ಣುಮಗಳಿಗೆ ಅಶ್ಲೀಲ ಸಂದೇಶ ಕಳಿಸುವುದು ಅಪರಾಧ. ಅದಕ್ಕೆ ಠಾಣೆ ಇದೆ, ಕಲಮುಗಳಿವೆ. ಅದಕ್ಕೆ ಸಾವಿನ ಶಿಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ರೇಣುಕಾಸ್ವಾಮಿಯ ಪತ್ನಿ ಆಗ ಗರ್ಭಿಣಿ.

ಭಾರತದ ಕಾನೂನು ಬಹುಕಾಲ ಕೊಲೆಯನ್ನು ಸರ್ಕಾರ ಮತ್ತು ಆರೋಪಿಯ ನಡುವಿನ ವ್ಯಾಜ್ಯವೆಂದೇ ಕಂಡಿತು. 2009ರ ತಿದ್ದುಪಡಿ ಸಂತ್ರಸ್ತರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತು. 2022ರ ಏಪ್ರಿಲಿನಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಕೇಂದ್ರ ಸಚಿವರ ಮಗನ ಜಾಮೀನನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟು, ಸಂತ್ರಸ್ತರ ಮಾತನ್ನು ಪ್ರತಿ ಹಂತದಲ್ಲೂ ಕೇಳಬೇಕು ಎಂದಿತು. ಸಂತ್ರಸ್ತರ ಪರ ಮಾತಾಡುವ ನಾಲ್ಕನೆಯ ಪಂಥ ನಿಂತಿರುವುದು ಈ ನೆಲದ ಮೇಲೆ. ಅದರ ಸೋಲು ಎಲ್ಲಿ ಎಂದರೆ, ಕುಟುಂಬದ ನೋವನ್ನು ಜಾಮೀನು ತಡೆಯುವ ಕಾರಣವಾಗಿ ಬಳಸಿದಾಗ, ವಿಚಾರಣೆಗೆ ಮೊದಲೇ ಶಿಕ್ಷೆ ಶುರುವಾಗುತ್ತದೆ.

ಬಂಧನದ ಕಾಗದ

ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಐದನೆಯ ಪಂಥವೊಂದಿದೆ, ಸದ್ದು ಕಡಿಮೆ: ಪ್ರಬಲ ಆರೋಪಿಯ ವಕೀಲ ಗೆಲ್ಲುವ ಪ್ರತಿಯೊಂದು ಹಕ್ಕೂ ಮುಂದೆ ಬಲಹೀನನ ಕೈಗೆ ಬರುತ್ತದೆ ಎನ್ನುವುದು.

22ನೇ ವಿಧಿಯ ಪ್ರಕಾರ ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು. ಬಾಯಲ್ಲಿ ಹೇಳಿದರೆ ಸಾಕೇ, ಬರೆದು ಕೊಡಬೇಕೇ? 2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಅಂದರೆ ರಿಯಲ್ ಎಸ್ಟೇಟ್ ಉದ್ಯಮಿಗಳ ಮೇಲಿನ ಹಣ ಅಕ್ರಮ ವರ್ಗಾವಣೆ ಕೇಸಿನಲ್ಲಿ, ಬರೆದೇ ಕೊಡಬೇಕು ಎಂದಿತು ಸುಪ್ರೀಂ ಕೋರ್ಟು. 2024ರ ಮೇ 15ರಂದು ಪತ್ರಕರ್ತ ಪ್ರಬೀರ್ ಪುರ್ಕಾಯಸ್ಥ ಅವರ ಪ್ರಕರಣದಲ್ಲಿ ಅದು ಭಯೋತ್ಪಾದನೆ ತಡೆಯ ಕಾಯ್ದೆಯಾದ ಯುಎಪಿಎಗೂ ಹಬ್ಬಿತು. ದರ್ಶನ್ ಬಂಧನವಾದದ್ದು ಅದಾಗಿ ಒಂದು ತಿಂಗಳೂ ತುಂಬುವ ಮೊದಲು. ಕಾರಣವನ್ನು ತಕ್ಷಣ ಬರೆದು ಕೊಡಲಿಲ್ಲ ಎಂಬ ವಾದವನ್ನು ಹೈಕೋರ್ಟು ಒಪ್ಪಿತು. ಜಾಮೀನಿಗೆ ಅದೂ ಒಂದು ಆಧಾರವಾಯಿತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ: ಕಾಗದ ಕೊಡದಿದ್ದ ಮಾತ್ರಕ್ಕೆ ಬಂಧನ ಅಕ್ರಮವಾಗದು, ಅದರಿಂದ ಆರೋಪಿಗೆ ನಿಜವಾದ ಹಾನಿಯಾಗಿದೆ ಎಂದು ತೋರಿಸಬೇಕು ಎಂದಿತು. ಹೈಕೋರ್ಟು ಜಾಮೀನಿನ ಹಂತದಲ್ಲೇ ಸಾಕ್ಷ್ಯವನ್ನು ತೂಗಿ ಖುಲಾಸೆಯಂಥ ಆದೇಶ ಬರೆದಿದೆ ಎಂದೂ ಟೀಕಿಸಿತು.

ಮೂರು ತಿಂಗಳೊಳಗೆ, 2025ರ ನವೆಂಬರ್ 6ರಂದು, ಮುಂಬಯಿಯ ವರ್ಲಿಯಲ್ಲಿ ನಡೆದ ಬಿಎಂಡಬ್ಲ್ಯು ಅಪಘಾತದ ಆರೋಪಿ, ರಾಜಕಾರಣಿಯೊಬ್ಬರ ಮಗ ಮಿಹಿರ್ ಶಾನ ಪ್ರಕರಣದಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಅವರ ಪೀಠ ಮತ್ತೆ ಬಾಗಿಲು ತೆರೆಯಿತು. ಯಾವ ಅಪರಾಧವೇ ಆಗಲಿ, ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೂಡಲೇ ಸಾಧ್ಯವಿಲ್ಲವೆಂದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ತಾಸು ಮೊದಲಾದರೂ ಕಾಗದ ಕೈಗಿಡಬೇಕು. ಇಲ್ಲವಾದರೆ ಬಂಧನವೂ ರಿಮಾಂಡೂ ಅಕ್ರಮ.

ಈ ಸಾಲನ್ನು ಕುಂಚಾವರಂನಲ್ಲಿ ಕೂತು ಓದಿದರೆ ಅದರ ತೂಕ ತಿಳಿಯುತ್ತದೆ. ಸಹಿ ಮಾಡಲಷ್ಟೇ ಬರುವ ಒಬ್ಬ ತಾಂಡಾದ ಯುವಕನಿಗೆ, ತನ್ನನ್ನು ಏಕೆ ಹಿಡಿದರು ಎಂದು ಅವನ ಮಾತಿನಲ್ಲೇ ತಿಳಿಯುವ ಹಕ್ಕನ್ನು ತಂದುಕೊಟ್ಟದ್ದು ಉದ್ಯಮಿಗಳ, ಸಂಪಾದಕರ, ರಾಜಕಾರಣಿಯ ಮಗನ ವಕೀಲರು. ಹಾಗಾಗಿ ದೊಡ್ಡವರ ವಕಾಲತ್ತನ್ನು ನಾನು ಹೀಗಳೆಯಲಾರೆ. ಆದರೆ ಈ ಪಂಥದವರು ತಮ್ಮ ವಾದ ಮುಗಿಸುವ ಜಾಗದಲ್ಲೇ ನಮ್ಮ ಭಾಗದ ಕಷ್ಟ ಶುರುವಾಗುತ್ತದೆ. ಹಕ್ಕು ದೆಹಲಿಯಲ್ಲಿ ಹುಟ್ಟಿದ ಮಾತ್ರಕ್ಕೆ ಠಾಣೆಗೆ ನಡೆದು ಬರುವುದಿಲ್ಲ. ರಿಮಾಂಡಿನ ಹೊತ್ತಿಗೆ ‘ಕಾಗದ ಎಲ್ಲಿ?’ ಎಂದು ಕೇಳುವ ವಕೀಲರು ಅವನ ಪಕ್ಕದಲ್ಲಿ ನಿಂತಿರಬೇಕು.

ಇನ್ನೂ ತೀರದ ಪ್ರಶ್ನೆಗಳು

ಆಗಸ್ಟಿನ ತೀರ್ಪು ಹಾನಿ ತೋರಿಸು ಎನ್ನುತ್ತದೆ. ನವೆಂಬರಿನ ತೀರ್ಪು ಕಾಗದ ಕಡ್ಡಾಯ ಎನ್ನುತ್ತದೆ. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳವು. ಎರಡನೆಯದು ಮುಂದಿನ ಬಂಧನಗಳಿಗೆ ಅನ್ವಯ ಎಂದಿರುವುದರಿಂದ ಹಿಂದೆ ಬಂಧಿತರಾಗಿ ಇನ್ನೂ ಒಳಗಿರುವವರ ಪಾಡು ಏನು ಎಂಬುದು ಕೋರ್ಟಿನಿಂದ ಕೋರ್ಟಿಗೆ ಬದಲಾಗಬಹುದು. ವಿಚಾರಣೆ ನಡೆಯುವಾಗ ಸುದ್ದಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 2012ರ ಸಹಾರಾ ತೀರ್ಪು ಪ್ರಕಟಣೆ ಮುಂದೂಡುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟಿದೆ. ಮೊಬೈಲು ಹಿಡಿದ ಲಕ್ಷ ಜನ ಅಭಿಮಾನಿಗಳಿಗೆ ಅದನ್ನು ಹೇಗೆ ಅನ್ವಯಿಸುವುದು ಎಂದು ಆ ತೀರ್ಪು ಯೋಚಿಸಿರಲಿಲ್ಲ. ಉಚಿತ ವಕೀಲರ ಗುಣಮಟ್ಟವನ್ನು ಅಳೆಯುವವರು ಯಾರು, ಅವರು ಕಡತ ಓದದೆ ಪಾಟೀಸವಾಲು ಮಾಡಿದರೆ ಆ ಶಿಕ್ಷೆ ನಿಲ್ಲಬೇಕೇ ಎಂಬುದೂ ಹಾಗೇ ಉಳಿದಿದೆ.

‘ಅರ್ಥವಾಗುವ ಭಾಷೆ’ಯ ಪ್ರಶ್ನೆ ಎಲ್ಲಕ್ಕಿಂತ ಹೊಸದು. ಲಂಬಾಣಿಗರ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಗಡಿಯ ಈಚೆ ಅದನ್ನು ಕನ್ನಡದಲ್ಲಿ ಬರೆಯಬಹುದು, ಆಚೆ ತೆಲುಗಿನಲ್ಲಿ. ಅಕ್ಷರ ಓದಲು ಬಾರದವನಿಗೆ ಅವನ ಭಾಷೆಯಲ್ಲೇ ಬರೆದ ಕಾಗದ ಕೊಟ್ಟರೆ ಕಾರಣ ತಿಳಿಸಿದಂತಾಯಿತೇ, ಅಥವಾ ಅದನ್ನು ಓದಿ ಹೇಳುವ ಒಬ್ಬರು ಅಲ್ಲಿರಬೇಕೇ, ಹಾಗೆ ಓದಿ ಹೇಳಿದ್ದಕ್ಕೆ ಸಾಕ್ಷಿ ಯಾರು? ಚಿಂಚೋಳಿಯ ಕೋರ್ಟಿನಲ್ಲೋ ಕಲಬುರಗಿಯ ಪೀಠದಲ್ಲೋ ಇಂಥದೊಂದು ಅರ್ಜಿ ಬಂದಾಗ, ಅದನ್ನು ಬರೆಯುವ ವಕೀಲರು ಮಿಹಿರ್ ಶಾ ಪ್ರಕರಣದ ತೀರ್ಪನ್ನು ಉಲ್ಲೇಖಿಸಬೇಕಾಗುತ್ತದೆ. ಸರ್ಕಾರಿ ವಕೀಲರು ಉತ್ತರವಾಗಿ ದರ್ಶನ್ ತೀರ್ಪನ್ನೇ ಮುಂದಿಡುತ್ತಾರೆ. ಎರಡರಲ್ಲಿ ಯಾವುದು ನ್ಯಾಯಾಧೀಶರಿಗೆ ಹೆಚ್ಚು ತೂಕದ್ದೆಂದು ಕಾಣುತ್ತದೋ, ಅದರ ಮೇಲೆ ಆ ಯುವಕ ಅಂದು ಸಂಜೆ ಮನೆಗೆ ಹೋಗುವುದೋ ಜೈಲಿಗೆ ಹೋಗುವುದೋ ನಿಲ್ಲುತ್ತದೆ.